ಹೊಸದಾಗಿ ಹೆಣಿಗೆ ಕಲಿಯುವವರಿಗೆ ಯಾವ ನೂಲು, ಯಾವ ಕಡ್ಡಿ: ಒಂಬತ್ತು ತುಂಡು ಹೆಣೆದು ನೋಡಿದ ಹೋಲಿಕೆ

ಸ್ವೆಟರ್ ಹೆಣೆಯುವುದನ್ನು ಕಲಿಯಬೇಕೆಂದು ನಾನು ಮೊದಲ ಸಲ ಕುಳಿತಾಗ ಕೈಯಲ್ಲಿದ್ದದ್ದು ಅಮ್ಮನ ಟ್ರಂಕಿನಲ್ಲಿ ಸಿಕ್ಕಿದ 10ನೇ ನಂಬರಿನ ಅಲ್ಯುಮಿನಿಯಂ ಕಡ್ಡಿಗಳು ಮತ್ತು ಪೇಟೆಯಿಂದ ತಂದ ಒಂದು ಉಂಡೆ ಕಪ್ಪು ಉಲ್ಲನ್. ಎರಡು ವಾರ ಪ್ರಯತ್ನಿಸಿದರೂ ಹತ್ತು ಸಾಲು ದಾಟಲಿಲ್ಲ. ನನ್ನ ಬೆರಳುಗಳಿಗೆ ಈ ವಿದ್ಯೆ ಒಲಿಯುವುದಿಲ್ಲ ಎಂದುಕೊಂಡು ಎಲ್ಲವನ್ನೂ ಎತ್ತಿಟ್ಟೆ. ಒಂದು ವರ್ಷದ ನಂತರ, ಮೊಮ್ಮಕ್ಕಳಿಗೆಲ್ಲ ಕುಲಾವಿ ಹೆಣೆದುಕೊಟ್ಟಿರುವ ಪಕ್ಕದ ಮನೆಯ ಹಿರಿಯರೊಬ್ಬರು ಆ ಹತ್ತು ಸಾಲನ್ನು ಬೆಳಕಿಗೆ ಹಿಡಿದು ನೋಡಿದರು. ತಪ್ಪು ಕೈಯದಲ್ಲ, ಸಾಮಾನಿನದು ಎಂದು ಹೇಳಿ ತಮ್ಮ ಬಿದಿರಿನ ಕಡ್ಡಿಗಳನ್ನೂ ಕೆನೆಬಣ್ಣದ ದಪ್ಪ ಉಣ್ಣೆಯನ್ನೂ ನನ್ನ ಕೈಗಿತ್ತರು. ಅಂದು ಸಂಜೆಯೊಳಗೆ ಗೇಣುದ್ದದ ಪಟ್ಟಿಯೊಂದು ಸಿದ್ಧವಾಯಿತು.

ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯದೆ ಸಮಾಧಾನವಾಗಲಿಲ್ಲ. ಆದ್ದರಿಂದ ಹೆಚ್ಚುಕಡಿಮೆ ಒಂದೇ ದಪ್ಪದ ಮೂರು ನೂಲುಗಳನ್ನು, ಅಂದರೆ ಕುರಿಯ ಉಣ್ಣೆ, ಅಕ್ರಿಲಿಕ್ ಎಂಬ ಕೃತಕ ನೂಲು ಮತ್ತು ಹತ್ತಿಯನ್ನು, ಜೊತೆಗೆ 5 ಮಿಲಿಮೀಟರಿನ ಮೂರು ಬಗೆಯ ಕಡ್ಡಿಗಳನ್ನು, ಅಂದರೆ ಬಿದಿರು, ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಕಡ್ಡಿಗಳನ್ನು ತಂದುಕೊಂಡೆ. ಪ್ರತಿಯೊಂದು ಜೋಡಿಯಲ್ಲಿಯೂ 24 ಕುಣಿಕೆ ಏರಿಸಿ, 40 ಸಾಲು ಸೀದಾ ಹೆಣಿಗೆಯನ್ನೇ ಹೆಣೆದೆ. ಅಂಗೈಗಿಂತ ತುಸು ದೊಡ್ಡದಾದ ಆ ಒಂಬತ್ತು ತುಂಡುಗಳನ್ನು ಎದುರಿಗೆ ಹರಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನೂಲಿನ ವಿಷಯದಲ್ಲಿ ಮೊದಲು ಒಂದು ಮಾತು ಹೇಳಬೇಕು. ನಮ್ಮಲ್ಲಿ ಹೆಣೆಯುವ ದಾರವೆಲ್ಲವನ್ನೂ ಉಲ್ಲನ್ ಎಂದೇ ಕರೆಯುವ ರೂಢಿ ಇದೆ. ಆದರೆ ಸಾಮಾನ್ಯ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಅಕ್ರಿಲಿಕ್. ನೂಲಿನ ವಿವರವಿರುವ ಸುತ್ತುಪಟ್ಟಿ (ಲೇಬಲ್) ಇಲ್ಲದ ಉಂಡೆ ಕೊಂಡಿದ್ದರೆ ಒಂದು ಬೆರಳುದ್ದದ ತುಂಡನ್ನು ಚಿಮಟಿಗೆಯಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿಪೆಟ್ಟಿಗೆಯ ಬೆಂಕಿ ತಾಗಿಸಿ ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದೊಡನೆ ತಾನಾಗಿ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ, ಕಪ್ಪು ಹೊಗೆಯಾಡಿ, ಗಟ್ಟಿ ಮಣಿಯಾಗಿ ಉಳಿಯುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ.

ಕಲಿಯುವವರ ಕೈಗೆ ಉಣ್ಣೆ ಮಾಡುವ ಉಪಕಾರವನ್ನು ಹೆಣೆದು ನೋಡಿದ ಮೇಲೆಯೇ ನಾನು ಅರಿತೆ. ಉಣ್ಣೆಯ ಎಳೆಗಳಿಗೆ ಹುಟ್ಟಿನಿಂದಲೇ ಗುಂಗುರು ಇರುವುದರಿಂದ ನೂಲನ್ನು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಕುಗ್ಗುತ್ತದೆ. ಹೊಸಬರು ಒಂದು ಕುಣಿಕೆಯನ್ನು ಬಿಗಿಯಾಗಿಯೂ ಇನ್ನೊಂದನ್ನು ಸಡಿಲವಾಗಿಯೂ ಹೆಣೆಯುವುದು ಸಹಜ. ಉಣ್ಣೆ ಆ ಏರುಪೇರನ್ನು ಅಕ್ಕಪಕ್ಕದ ಕುಣಿಕೆಗಳಿಗೆ ಹಂಚಿ ತಕ್ಕಮಟ್ಟಿಗೆ ಸರಿಪಡಿಸುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹರಡಿ ಒಣಗಿಸಿದರೆ ಇನ್ನಷ್ಟು ಸಮವಾಗುತ್ತದೆ. ನನ್ನ ಮೂರು ಉಣ್ಣೆ ತುಂಡುಗಳ ಅಂಚುಗಳು ಹತ್ತಿಯ ತುಂಡುಗಳ ಅಂಚುಗಳಿಗಿಂತ ನೇರವಾಗಿರುವುದಕ್ಕೆ ಕಾರಣ ಅದೇ. ಬಿಚ್ಚಿ ಮತ್ತೆ ಹೆಣೆಯುವಾಗಲೂ ಉಣ್ಣೆ ತಾಳಿಕೊಳ್ಳುತ್ತದೆ, ಮತ್ತು ಮೊದಲ ತಿಂಗಳಲ್ಲಿ ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು ಎಂಬುದನ್ನು ಕಲಿಯುವವರೆಲ್ಲ ಬಲ್ಲರು. ಅದರ ದೋಷ ಬೆಲೆ: ನಾನು ಕೊಂಡ ಮೆರಿನೋ ತಳಿಯ ಕುರಿಯ ಉಣ್ಣೆಗೆ ಅದೇ ತೂಕದ ಅಕ್ರಿಲಿಕ್‌ಗಿಂತ ಐದಾರು ಪಟ್ಟು ಹಣ ತೆರಬೇಕಾಯಿತು. ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಜಮಖಾನದಂತೆ ಗಟ್ಟಿಯಾಗುವ ಅಪಾಯವೂ ಇದೆ.

ಅಕ್ರಿಲಿಕ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಒಗೆಯುವ ಯಂತ್ರಕ್ಕೂ ಜಗ್ಗುವುದಿಲ್ಲ. ಲುಧಿಯಾನದ ಗಿರಣಿಗಳಿಂದ ಬರುವ ಈ ನೂಲು ನಮ್ಮ ಸಣ್ಣ ಊರುಗಳ ಅಂಗಡಿಯಲ್ಲಿಯೂ ಹತ್ತಾರು ಬಣ್ಣಗಳಲ್ಲಿ ದೊರೆಯುತ್ತದೆ. ಉಣ್ಣೆಯಷ್ಟು ಹಿಗ್ಗುಕುಗ್ಗು ಇಲ್ಲದಿದ್ದರೂ ಕಲಿಕೆಗೆ ಅದು ಸಾಲದು ಎನ್ನಲಾರೆ. ಆದರೆ ಸಡಿಲ ಹುರಿಯ ಅಕ್ರಿಲಿಕ್‌ನಲ್ಲಿ ಕಡ್ಡಿಯ ತುದಿ ನೂಲಿನ ಎಳೆಗಳ ನಡುವೆ ನುಗ್ಗಿ ಅರ್ಧ ನೂಲನ್ನಷ್ಟೇ ಹೆಕ್ಕಿ ತರುತ್ತದೆ. ಆ ತಪ್ಪು ಕಣ್ಣಿಗೆ ಬೀಳುವುದು ಎರಡು ಸಾಲು ಮುಂದೆ ಹೋದ ಮೇಲೆ. ಕೊಳ್ಳುವ ಮೊದಲು ನೂಲನ್ನು ಎರಡು ಬೆರಳಿನ ನಡುವೆ ಹಿಮ್ಮುಖವಾಗಿ ಹೊಸೆದು ನೋಡಿ, ಎಳೆಗಳು ಸುಲಭವಾಗಿ ಬಿಡಿಬಿಡಿಯಾಗದ ಗಟ್ಟಿ ಹುರಿಯದನ್ನೇ ಆರಿಸಬೇಕು. ಬಿಸಿ ಇಸ್ತ್ರಿಯನ್ನಂತೂ ಅಕ್ರಿಲಿಕ್‌ಗೆ ತಾಗಿಸಲೇಬಾರದು, ಹೆಣಿಗೆ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ.

ನಮ್ಮ ಹವೆಗೆ ಹತ್ತಿಯೇ ಸೂಕ್ತವೆಂದು ತೋರುವುದು ನಿಜ. ನನಗೂ ಅದರ ಮೇಲೆಯೇ ಹೆಚ್ಚು ಆಸೆ ಇತ್ತು. ಆದರೆ ಹತ್ತಿಯ ನೂಲು ಹಿಗ್ಗುವುದಿಲ್ಲವಾದ್ದರಿಂದ ಬಿಗಿದ ಕುಣಿಕೆ ಬಿಗಿದಂತೆಯೇ, ಸಡಿಲಾದದ್ದು ಸಡಿಲಾದಂತೆಯೇ ಉಳಿಯುತ್ತದೆ. ಮೂರನೆಯ ಹತ್ತಿ ತುಂಡು ಮುಗಿಯುವ ಹೊತ್ತಿಗೆ ನನ್ನ ಎಡಗೈ ಮಣಿಕಟ್ಟು ನೋಯತೊಡಗಿತ್ತು. ಪಾತ್ರೆ ಒರೆಸುವ ಬಟ್ಟೆಗೆ ಹತ್ತಿಗಿಂತ ಒಳ್ಳೆಯ ನೂಲಿಲ್ಲ, ಆದರೆ ಅದು ಕಲಿತ ಕೈಗೆ.

ಚಳ್ಳಕೆರೆಯ ಕಡೆಯಿಂದ ತಂದ ಕೈನೂಲಿನ ದೇಸಿ ಕುರಿಯ ಉಣ್ಣೆಯನ್ನೂ ಕುತೂಹಲಕ್ಕೆ ಹೆಣೆದು ನೋಡಿದೆ. ದಖ್ಖನಿ ಕುರಿಯ ಉಣ್ಣೆ ಒರಟು, ಎಳೆ ಗಿಡ್ಡ. ಹಾಸುನೂಲಿಗೆ, ಅಂದರೆ ಮಗ್ಗದ ಉದ್ದದ ಎಳೆಗಳಿಗೆ, ಹುಣಸೆಬೀಜದ ಸರಿ ಹಚ್ಚಿ ನೇಯುವ ಕಂಬಳಿಗೆ ಹೇಳಿಮಾಡಿಸಿದ ನೂಲು ಅದು. ಅದರ ಗಟ್ಟಿತನ ನನಗೆ ಬಹಳ ಪ್ರಿಯವಾಯಿತು, ಆದರೆ ಕಪ್ಪು ಬಣ್ಣದಲ್ಲಿ ಕುಣಿಕೆ ಕಾಣದೆ, ಎಳೆದಲ್ಲಿ ನೂಲು ಹರಿದು ಹೋಗುತ್ತಿದ್ದುದರಿಂದ ಹೊಸಬರಿಗೆ ಸಲಹೆ ಮಾಡಲಾರೆ.

ಇನ್ನು ಕಡ್ಡಿಗಳು. ಒಂದು ಕುಣಿಕೆ ಜಾರಿದಾಗ ಏನಾಗುತ್ತದೆ ಎಂಬುದರಲ್ಲಿಯೇ ಇವುಗಳ ಗುಣವೆಲ್ಲ ಗೊತ್ತಾಗುತ್ತದೆ. ಅಲ್ಯುಮಿನಿಯಂ ಕಡ್ಡಿಯ ಮೈ ನುಣುಪು. ಸಾಲಿನ ಕೊನೆಯಲ್ಲಿ ಕೈ ತುಸು ವಾಲಿದರೆ ಮೂರು ನಾಲ್ಕು ಕುಣಿಕೆಗಳು ಒಟ್ಟಿಗೇ ತುದಿ ದಾಟಿ ಹೊರಬೀಳುತ್ತವೆ, ಗಾಬರಿಯಲ್ಲಿ ಹಿಡಿಯಹೋದರೆ ಕೆಳಗಿನ ಸಾಲೂ ಬಿಚ್ಚುತ್ತದೆ. ಬಿದಿರಿನ ಮೈಗೆ ಕಣ್ಣಿಗೆ ಕಾಣದಷ್ಟು ಒರಟುತನವಿದೆ, ಅದು ನೂಲನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಬಿದಿರಿನಲ್ಲಿ ಉಣ್ಣೆ ಹೆಣೆಯುವಾಗ ಒಂದು ಕುಣಿಕೆ ಜಾರಿತು. ನಾನು ಕನ್ನಡಕ ಹಾಕಿಕೊಂಡು ಬರುವವರೆಗೂ ಅದು ಬಾಯಿ ತೆರೆದು ಅಲ್ಲಿಯೇ ನಿಂತಿತ್ತು, ಕಡ್ಡಿಯ ತುದಿಯಿಂದಲೇ ಎತ್ತಿಕೊಂಡೆ. ಪ್ಲಾಸ್ಟಿಕ್ ಕಡ್ಡಿ ಹಗುರ ಮತ್ತು ಅಗ್ಗ, ಆದರೆ ಬಳುಕುತ್ತದೆ, ಅಕ್ರಿಲಿಕ್ ಜೊತೆಯಲ್ಲಂತೂ ಕೀರಲು ಸದ್ದು ಮಾಡುತ್ತ ಅಲ್ಲಲ್ಲಿ ಅಂಟಿಕೊಂಡಂತಾಗುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬಿದಿರನ್ನು ಕೊಳ್ಳುವಾಗ ತುದಿಯನ್ನು ಬೆರಳಿನಿಂದ ಸವರಿ ಸಿಬಿರು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, 3 ಮಿಲಿಮೀಟರಿಗಿಂತ ತೆಳುವಾದದ್ದು ಮುರಿಯುವ ಸಂಭವವೂ ಹೆಚ್ಚು. ಕೈ ಕುದುರಿ ವೇಗ ಬಂದ ಮೇಲೆ ಅಲ್ಯುಮಿನಿಯಂನ ಅದೇ ನುಣುಪು ಗುಣವಾಗುತ್ತದೆ. ಅಮ್ಮನ ಕಡ್ಡಿಗಳನ್ನು ನಾನು ಆರು ತಿಂಗಳ ನಂತರ ಮತ್ತೆ ಕೈಗೆತ್ತಿಕೊಂಡದ್ದು ಹಾಗೆ.

ಕಡ್ಡಿಯ ನಂಬರಿನ ಗೊಂದಲದಿಂದ ನನಗೆ ಒಂದು ಉಂಡೆ ಉಣ್ಣೆ ಮತ್ತು ಒಂದು ವಾರ ನಷ್ಟವಾದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಹಿಂದಿನಿಂದ ಬಳಕೆಯಲ್ಲಿರುವುದು ಬ್ರಿಟಿಷರ ಹಳೆಯ ಕ್ರಮ. ಅದರಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ. ಅಮೆರಿಕದ ಕ್ರಮದಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಹಳೆಯ ಕ್ರಮದ 8ನೇ ನಂಬರ್ ಎಂದರೆ 4 ಮಿಲಿಮೀಟರ್, ಅಮೆರಿಕದ 8 ಎಂದರೆ 5 ಮಿಲಿಮೀಟರ್. ಅಮೆರಿಕದ ಒಂದು ವಿಡಿಯೊ ನೋಡಿ 8ನೇ ನಂಬರಿನ ಕಡ್ಡಿ ಕೇಳಿ ತಂದ ನಾನು, ಮಫ್ಲರ್ ಏಕೆ ಹಲಗೆಯಂತೆ ಬಿರುಸಾಗುತ್ತಿದೆ ಎಂದು ತಿಳಿಯದೆ ಹೆಣೆಯುತ್ತಲೇ ಹೋದೆ. ಅಮ್ಮನ 10ನೇ ನಂಬರ್ ಇನ್ನೂ ತೆಳು, 3.25 ಮಿಲಿಮೀಟರ್, ದಪ್ಪ ನೂಲಿಗೆ ಅದು ಹೊಂದುವಂಥದ್ದೇ ಆಗಿರಲಿಲ್ಲ. ಅಂಗಡಿಯಲ್ಲಿ ನಂಬರ್ ಹೇಳದೆ ಮಿಲಿಮೀಟರ್ ಹೇಳಿ ಕೇಳುವುದು ಕ್ಷೇಮ.

ನೇರ ಕಡ್ಡಿಗಳೋ, ನಡುವೆ ಬಳುಕುವ ತಂತಿಯಿರುವ ಜೋಡುಕಡ್ಡಿಯೋ ಎಂಬ ಪ್ರಶ್ನೆಗೆ, ಅಗಲ ಕಡಿಮೆಯಿರುವ ಮೊದಲ ಪಟ್ಟಿಗಳಿಗೆ ನೇರ ಕಡ್ಡಿಯೇ ಸಾಕು. ಶಾಲಿನಂಥ ಅಗಲದ ಕೆಲಸದಲ್ಲಿ ಭಾರವೆಲ್ಲ ತಂತಿಯ ಮೇಲೆ ಮಡಿಲಿಗೆ ಇಳಿಯುವುದರಿಂದ ಜೋಡುಕಡ್ಡಿ ಮಣಿಕಟ್ಟಿಗೆ ಹಿತ, ಬಸ್ಸಿನಲ್ಲಿ ಕುಳಿತು ಹೆಣೆಯುವಾಗ ಪಕ್ಕದವರಿಗೆ ತಿವಿಯುವುದೂ ಇಲ್ಲ.

ಹೀಗೆ ನೋಡಿದರೆ ಒಂಬತ್ತರಲ್ಲಿ ನಾನು ಮೊದಲ ಸ್ಥಾನ ಕೊಡುವುದು 5 ಮಿಲಿಮೀಟರಿನ ಬಿದಿರಿನ ಕಡ್ಡಿ ಮತ್ತು ತಿಳಿಬಣ್ಣದ, ಗಟ್ಟಿ ಹುರಿಯ ಉಣ್ಣೆಯ ಜೋಡಿಗೆ. ಹಣ ಕಡಿಮೆಯಿದ್ದರೆ ಉಳಿತಾಯವನ್ನು ನೂಲಿನಲ್ಲಿ ಮಾಡಬೇಕು, ಕಡ್ಡಿಯಲ್ಲಿ ಅಲ್ಲ: ಬಿದಿರಿನ ಮೇಲೆ ಅಕ್ರಿಲಿಕ್ ಚೆನ್ನಾಗಿಯೇ ಕಲಿಸುತ್ತದೆ. ಅಲ್ಯುಮಿನಿಯಂ ಮತ್ತು ಹತ್ತಿಯ ಜೋಡಿ ನನ್ನ ಪಟ್ಟಿಯ ಕೊನೆಯದು. ಮಫ್ಲರಿಗೆ ಬೇಕಾದಷ್ಟು ನೂಲನ್ನು ಒಂದೇ ಸಲ, ಸುತ್ತುಪಟ್ಟಿಯ ಮೇಲಿನ ಬಣ್ಣದ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು, ಒಂದೇ ಇರುವಂತೆ ನೋಡಿ ಖರೀದಿಸಬೇಕು. ನನ್ನ ಕೆನೆಬಣ್ಣದ ಮಫ್ಲರಿನ ಕೊನೆಯ ಗೇಣು, ಬಿಸಿಲಿಗೆ ಹಿಡಿದಾಗ, ಉಳಿದುದಕ್ಕಿಂತ ಒಂದಿಷ್ಟು ಹಳದಿಯಾಗಿ ಕಾಣುತ್ತದೆ.