ಸ್ವಂತ ಇಂಜೆಕ್ಷನ್: ತೊಡೆಗೋ, ಸೊಂಟದ ಪಕ್ಕಕ್ಕೋ, ತೋಳಿಗೋ?

ಸ್ನಾಯುವಿಗೆ ನೀವೇ ಚುಚ್ಚಿಕೊಳ್ಳುವುದಾದರೆ, ಜಾಗ ಕಣ್ಣಿಗೂ ಕೈಗೂ ಎಟುಕಬೇಕು, ಅಲ್ವಾ? ಅದಕ್ಕೆ ತೊಡೆಯೇ ಸುಲಭ. ಕುಳಿತುಕೊಂಡು ತೊಡೆಯ ಉದ್ದವನ್ನು ಮೂರು ಪಾಲು ಮಾಡಿ, ನಡುವಿನ ಪಾಲಿನ ಹೊರಬದಿಗೆ 90 ಡಿಗ್ರಿಯಲ್ಲಿ ಚುಚ್ಚಿ. ಆಮೇಲೆ ನಡೆಯುವಾಗ ಸ್ವಲ್ಪ ನೋವಿರಬಹುದು.

ಸೊಂಟದ ಪಕ್ಕದ ಸ್ನಾಯು ದಪ್ಪ; ದೊಡ್ಡ ನರ, ರಕ್ತನಾಳಗಳಿಂದ ದೂರ. ಔಷಧಿಯ ಪ್ರಮಾಣ ಜಾಸ್ತಿ ಇದ್ದರೆ ಇದೇ ವಾಸಿ. ಆದರೆ ಜಾಗ ಗುರುತಿಸೋದನ್ನು ನರ್ಸ್ ಹತ್ತಿರ ಕಲಿತೇ ಶುರು ಮಾಡಿ. ಹಿಂಭಾಗದ ಪೃಷ್ಠ ಬೇಡವೇ ಬೇಡ, ಅಲ್ಲಿ ಕಾಲಿಗೆ ಇಳಿಯುವ ದೊಡ್ಡ ನರ, ಸಯಾಟಿಕ್ ನರ ಇದೆ.

ತೋಳಿನ ಸ್ನಾಯು ಚಿಕ್ಕದು, ಒಂದೇ ಕೈಯಲ್ಲಿ ಪರದಾಟ. 1 ಮಿಲಿಯೊಳಗಿನ ಡೋಸ್, ಚುಚ್ಚಲು ಕಲಿತವರೊಬ್ಬರು ಜೊತೆಗಿದ್ದರೆ ಸರಿ.

ಕೆಲವು ಔಷಧಿಗೆ ಜಾಗ ಮೊದಲೇ ನಿಗದಿಯಾಗಿರುತ್ತದೆ, ವೈದ್ಯರನ್ನು ಕೇಳಿ. ಸೂಜಿ ಪ್ರತಿ ಸಲ ಹೊಸದು. ಬಳಸಿದ್ದನ್ನು ಮುಚ್ಚಳ ಹಾಕದೆ ಗಟ್ಟಿ ಡಬ್ಬಿಗೆ ಹಾಕಿ.