ಮೇಜು ಕಾಯ್ದಿರಿಸುವ ತಂತ್ರಾಂಶ: ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳ ಬಳಕೆ

2020ರಲ್ಲಿ ಮುಚ್ಚಿದ ನಮ್ಮ ಕಚೇರಿ ಮತ್ತೆ ತೆರೆದ ಮೇಲೆ ಹಿಂದಿನಂತೆ ತುಂಬಲೇ ಇಲ್ಲ. ಸಿಬ್ಬಂದಿ ವಾರಕ್ಕೆ ಎರಡು ಮೂರು ದಿನ ಬರುವುದು ರೂಢಿಯಾಯಿತು. ಬಾಡಿಗೆ ಕರಾರು ಮುಗಿದಾಗ ಎರಡು ಮಹಡಿಗಳಲ್ಲಿ ಒಂದನ್ನು ಬಿಟ್ಟುಕೊಟ್ಟೆವು. 48 ಜನರಿಗೆ 22 ಮೇಜುಗಳು ಉಳಿದವು. ಇವುಗಳ ಹಂಚಿಕೆಗಾಗಿ ಚಂದಾ ಆಧಾರದ ತಂತ್ರಾಂಶವೊಂದನ್ನು ತರಿಸಿಕೊಂಡೆವು. ಕಚೇರಿ ನಿರ್ವಹಣೆಯ ಹೊಣೆ ನನ್ನದಾದ್ದರಿಂದ, ಈ ಎರಡು ವರ್ಷಗಳಲ್ಲಿ ಅದರ ಮೇಲಿನ ದೂರುಗಳೆಲ್ಲ ನನ್ನ ಬಳಿಯೇ ಬಂದಿವೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮಹಡಿಯ ನಕ್ಷೆ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ, ಖಾಲಿ ಮೇಜನ್ನು ಮುಟ್ಟಿದರೆ ಅದು ನಮ್ಮ ಹೆಸರಿಗೆ ಬರುತ್ತದೆ, ಔಟ್‌ಲುಕ್ ಅಥವಾ ಗೂಗಲ್ ಕ್ಯಾಲೆಂಡರಿನಲ್ಲಿ ತಾನಾಗಿಯೇ ನಮೂದಾಗುತ್ತದೆ. ಯಾವ ದಿನ ಯಾರು ಬರುತ್ತಾರೆಂಬುದು ಮೊದಲೇ ಕಾಣುವುದರಿಂದ, ಒಂದೇ ಯೋಜನೆಯಲ್ಲಿ ಕೆಲಸ ಮಾಡುವವರು ಒಂದೇ ದಿನ ಬರುವಂತೆ ಮಾತಾಡಿಕೊಳ್ಳುತ್ತಾರೆ. ಸಭಾಕೊಠಡಿಯನ್ನು ಇಬ್ಬರು ಒಂದೇ ಹೊತ್ತಿಗೆ ಹಿಡಿದು ಬಾಗಿಲಲ್ಲಿ ಮುಖ ಮುಖ ನೋಡಿಕೊಳ್ಳುವ ಪ್ರಸಂಗ ನಿಂತೇಹೋಗಿದೆ.

ತೊಡಕು ಶುರುವಾಗುವುದು ತಂತ್ರಾಂಶ ಮನಸ್ಸಿನಲ್ಲಿಟ್ಟುಕೊಂಡಿರುವ ಉದ್ಯೋಗಿಯ ಕಲ್ಪನೆಯಲ್ಲಿ. ಅದರ ಪ್ರಕಾರ ಪ್ರತಿಯೊಬ್ಬರಿಗೂ ಸಂಸ್ಥೆಯ ಇಮೇಲ್ ವಿಳಾಸವಿರುತ್ತದೆ, ಪ್ರತಿಯೊಬ್ಬರೂ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ನಮ್ಮಲ್ಲಿ ತಿಂಗಳಿಗೆ ಎರಡು ಬಾರಿ ಬಂದು ದಾನಿಗಳಿಗೆ ಪತ್ರ ಬರೆಯುವ ನಿವೃತ್ತ ಶಿಕ್ಷಕಿಯಿದ್ದಾರೆ, ಪರೀಕ್ಷೆ ಮುಗಿದ ಮೇಲಷ್ಟೇ ಕಾಣಿಸಿಕೊಳ್ಳುವ ವಿದ್ಯಾರ್ಥಿಗಳಿದ್ದಾರೆ, ಲೆಕ್ಕಪರಿಶೋಧನೆಯ ವಾರದಲ್ಲಿ ಮಾತ್ರ ಕೂರುವ ಗೌರವ ಖಜಾಂಚಿಯಿದ್ದಾರೆ. ಶುಲ್ಕವೋ ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂಬ ಲೆಕ್ಕ. ಲಾಭರಹಿತ ಸಂಸ್ಥೆಯೆಂದು ರಿಯಾಯಿತಿ ಕೊಟ್ಟರು, ನಿಜ; ಆದರೆ ಎರಡು ದಿನ ಬರುವ ಸ್ವಯಂಸೇವಕರಿಗೂ ಇಡೀ ತಿಂಗಳ ಶುಲ್ಕ ತೆರಬೇಕಾದಾಗ ಆ ರಿಯಾಯಿತಿಗೆ ಅರ್ಥವಿರಲಿಲ್ಲ. ಕೊನೆಗೆ 'ಅತಿಥಿ' ಹೆಸರಿನ ನಾಲ್ಕು ಖಾತೆಗಳನ್ನು ತೆರೆದು, ಅವುಗಳ ಗುಪ್ತಪದವನ್ನು ಸ್ವಾಗತದ ಮೇಜಿನಲ್ಲಿಟ್ಟೆವು. ಇದು ಸುರಕ್ಷತೆಯ ದೃಷ್ಟಿಯಿಂದ ಸರಿಯಲ್ಲವೆಂದು ಬಲ್ಲೆ, ಯಾರಿಗೂ ಶಿಫಾರಸು ಮಾಡುವುದಿಲ್ಲ.

ಇನ್ನೊಂದು ಸೌಲಭ್ಯ ಕಾಗದದ ಮೇಲೆ ಚೆನ್ನಾಗಿತ್ತು. ಮೇಜಿನ ಮೇಲಿನ ಕ್ಯೂಆರ್ ಕೋಡನ್ನು 30 ನಿಮಿಷದೊಳಗೆ ಸ್ಕ್ಯಾನ್ ಮಾಡದಿದ್ದರೆ ಕಾಯ್ದಿರಿಸಿದ್ದು ರದ್ದಾಗಿ ಮೇಜು ಬೇರೆಯವರಿಗೆ ಸಿಗುತ್ತದೆ. ಒಂದು ಬೆಳಿಗ್ಗೆ ನಮ್ಮ ಆಪ್ತಸಮಾಲೋಚಕಿಯೊಬ್ಬರು ಒಳಗೆ ಬರುವ ಮೊದಲೇ ಸಂಕಟದಲ್ಲಿದ್ದವರೊಬ್ಬರ ಕರೆ ಬಂದು, ಮೆಟ್ಟಿಲ ಮೇಲೆಯೇ ಕುಳಿತು ಮುಕ್ಕಾಲು ಗಂಟೆ ಮಾತಾಡಿದರು. ಮೇಲೆ ಬಂದಾಗ ಅವರ ಮೇಜಿನಲ್ಲಿ ಮತ್ತೊಬ್ಬರು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದರು. ತಪ್ಪು ಯಾರದೂ ಅಲ್ಲ. ಆದರೂ ಅವರು ಚೀಲವನ್ನು ಹೆಗಲಿನಿಂದ ಇಳಿಸದೆ ಒಂದು ಕ್ಷಣ ಸುಮ್ಮನೆ ನಿಂತದ್ದು ನನಗೆ ಇನ್ನೂ ನೆನಪಿದೆ. ಆ ದಿನವೇ ಮೂಲೆಯ ಎರಡು ಮೇಜುಗಳನ್ನು ತಂತ್ರಾಂಶದಿಂದ ತೆಗೆದು, ಬಾಗಿಲು ಹಾಕಿಕೊಳ್ಳಬಹುದಾದ ಸಣ್ಣ ಕೋಣೆಯೊಂದನ್ನು ಸಮಾಲೋಚನೆಗೇ ಮೀಸಲಿಟ್ಟೆವು. ಫಲಾನುಭವಿಗಳ ಕಡತಗಳನ್ನು ಹಂಚಿಕೆಯ ಮೇಜಿನ ಮೇಲೆ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಬೀಗವಿರುವ ಲಾಕರುಗಳನ್ನೂ ಹಾಕಿಸಿದೆವು. ಈ ಖರ್ಚನ್ನು ತಂತ್ರಾಂಶದ ಮಾರಾಟ ಪ್ರತಿನಿಧಿ ಎಂದೂ ಪ್ರಸ್ತಾಪಿಸಿರಲಿಲ್ಲ.

ಕ್ಷೇತ್ರ ಕಾರ್ಯಕರ್ತರ ಪಾಡು ಬೇರೆ. ಅವರು ಸಂಜೆ ನಾಲ್ಕಕ್ಕೆ ಬಂದು, ಒಂದು ಗಂಟೆ ಕೂತು ಮಾಹಿತಿ ತುಂಬಿಸಿ ಹೊರಡುವವರು. ಮೇಜನ್ನು ಅರ್ಧ ದಿನಕ್ಕಿಂತ ಕಡಿಮೆ ಅವಧಿಗೆ ಹಿಡಿಯಲು ಮೊದಲ ವರ್ಷ ಅವಕಾಶವೇ ಇರಲಿಲ್ಲ. ಎರಡನೆಯ ವರ್ಷ ಗಂಟೆಯ ಲೆಕ್ಕ ಬಂತು, ಆ ದೂರು ತೀರಿತು.

ವರದಿಗಳ ವಿಷಯದಲ್ಲಿ ಎಚ್ಚರ ಬೇಕು. ಮಂಗಳವಾರದಿಂದ ಗುರುವಾರದವರೆಗೆ ಜಾಗ ಸಾಲದು, ಶುಕ್ರವಾರ ಕಚೇರಿ ಬಿಕೋ ಎನ್ನುತ್ತದೆ ಎಂಬುದನ್ನು ಅವು ಸರಿಯಾಗಿಯೇ ತೋರಿಸಿದವು. ಆದರೆ ಅವು ಎಣಿಸುವುದು ಕಾಯ್ದಿರಿಸಿದ ಮೇಜುಗಳನ್ನೇ ಹೊರತು ಕೂತ ಜನರನ್ನಲ್ಲ. ಒಂದು ತಿಂಗಳು ನಾನೇ ದಿನಕ್ಕೆರಡು ಬಾರಿ ತಲೆ ಎಣಿಸಿ ನೋಡಿದಾಗ, ಗೋಡೆ ಬದಿಯ ಉದ್ದ ಮೇಜಿನಲ್ಲಿ ಯಾವುದನ್ನೂ ಕಾಯ್ದಿರಿಸದೆ ಕೂತವರು ವರದಿಯಲ್ಲಿ ಇರಲೇ ಇಲ್ಲ. ಇನ್ನೊಂದು ಮೂಲೆಯನ್ನೂ ಬಿಟ್ಟುಕೊಡಬಹುದೆಂದು ಆಡಳಿತ ಮಂಡಳಿಯವರು ಆ ವರದಿಯನ್ನಷ್ಟೇ ನಂಬಿ ತೀರ್ಮಾನಿಸಿದ್ದರೆ ನಾವು ಕಷ್ಟಕ್ಕೆ ಬೀಳುತ್ತಿದ್ದೆವು.

ಹಣದ ಮಾತು. ನಮ್ಮ ಅನುದಾನಗಳಲ್ಲಿ ಬಹುಪಾಲು ನಿರ್ದಿಷ್ಟ ಯೋಜನೆಗೆ ಮೀಸಲಾದವು. ಮೇಜಿನ ತಂತ್ರಾಂಶವನ್ನು ಯಾವ ಯೋಜನೆಯ ತಲೆಗೂ ಕಟ್ಟಲಾಗದು, ಅದು ಆಡಳಿತ ವೆಚ್ಚಕ್ಕೇ ಸೇರುತ್ತದೆ. ಆಡಳಿತ ವೆಚ್ಚವೆಂದರೆ ದಾನಿ ಸಂಸ್ಥೆಗಳು ಮೊದಲು ಕತ್ತರಿ ಹಾಕುವ ಜಾಗ. ಬಿಟ್ಟುಕೊಟ್ಟ ಮಹಡಿಯ ಬಾಡಿಗೆ ಉಳಿತಾಯದ ಮುಂದೆ ಚಂದಾ ಸಣ್ಣದೇ. ಆದರೂ ಆ ಉಳಿತಾಯ ತಂದದ್ದು ಜಾಗ ಬಿಟ್ಟ ನಿರ್ಧಾರ, ತಂತ್ರಾಂಶವಲ್ಲ ಎಂಬುದನ್ನು ಮರೆಯಬಾರದು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. 15 ಜನರೊಳಗಿನ ಸಂಸ್ಥೆಗೆ ಹಂಚಿಕೊಂಡ ಕ್ಯಾಲೆಂಡರೇ ಸಾಕು. ನಾವು ಮೂರನೆಯ ವರ್ಷಕ್ಕೆ ಸಭಾಕೊಠಡಿಗಳನ್ನೂ 12 ಮೇಜುಗಳನ್ನೂ ಮಾತ್ರ ಅದರಲ್ಲಿ ಉಳಿಸಿಕೊಂಡು, ಮಿಕ್ಕವನ್ನು ಮೊದಲು ಬಂದವರಿಗೆ ಬಿಟ್ಟಿದ್ದೇವೆ. ಸ್ವಯಂಸೇವಕರಿಗೆ ತಿಂಗಳ ಬದಲು ಭೇಟಿಯ ಲೆಕ್ಕದಲ್ಲಿ ಶುಲ್ಕ ವಿಧಿಸಿ ಎಂದು ಕಂಪನಿಗೆ ಎರಡು ಬಾರಿ ಬರೆದಿದ್ದೇನೆ. ಪರಿಶೀಲನೆಯಲ್ಲಿದೆ ಎಂಬ ಒಂದೇ ಉತ್ತರ ಎರಡು ಬಾರಿಯೂ ಬಂದಿದೆ.