ಕಾರು ಪಿಕಪ್‌ಗೆ ಗೂಗಲ್ ಮ್ಯಾಪ್ಸ್ ಸಾಕಾ, ರೂಟ್ ಪ್ಲಾನರ್ ಬೇಕಾ?

ಹಾಸನದ ವರ್ಕ್‌ಶಾಪ್‌ಗೆ ಗಿರಾಕಿಗಳ ಕಾರು ತರಿಸುವ ಕೆಲಸ ನನ್ನದು. ಒಂದು ಓಮ್ನಿಯಲ್ಲಿ ಡ್ರೈವರ್‌ಗಳನ್ನು ಮನೆಮನೆ ಹತ್ತಿರ ಇಳಿಸುತ್ತಾ ಹೋಗುತ್ತೇವೆ; ಅಲ್ಲಿಂದ ಅವರು ಗಿರಾಕಿಯ ಕಾರು ಓಡಿಸಿಕೊಂಡು ಬರುತ್ತಾರೆ.

ದಿನಕ್ಕೆ ನಾಲ್ಕೈದು ಕಾರಾದರೆ ಗೂಗಲ್ ಮ್ಯಾಪ್ಸ್ ಸಾಕು. ದುಡ್ಡು ಕೊಡಬೇಕಿಲ್ಲ, ಯಾರಿಗೂ ಕಲಿಸಬೇಕಿಲ್ಲ. ಆದರೆ ನಾವು ಹಾಕಿದ ಕ್ರಮದಲ್ಲೇ ಅದು ದಾರಿ ತೋರಿಸುತ್ತದೆ. ಬೇಲೂರು, ಆಲೂರು, ಹಳೇಬೀಡು ಅಂತ ಹಾಕಿದರೆ ಹಾಗೇ ಸುತ್ತಿಸುತ್ತದೆ. ಬೇಲೂರಿಂದ ಹಳೇಬೀಡಿಗೆ ಸುಮಾರು 16 ಕಿ.ಮೀ. ಅಷ್ಟೇ ಅಲ್ವಾ, ಎರಡನ್ನೂ ಜೊತೆಗೇ ಮುಗಿಸಬೇಕು. ಹೀಗೆ ಹತ್ತಿರದವನ್ನು ಒಟ್ಟಿಗೆ ಸೇರಿಸಿ ಕ್ರಮ ಜೋಡಿಸಿಕೊಡುವ ಆ್ಯಪೇ ರೂಟ್ ಪ್ಲಾನರ್. ಪಿಕಪ್ ಹತ್ತು ದಾಟಿದರೆ ತಿಂಗಳ ಶುಲ್ಕ ಕೊಟ್ಟರೂ ಲಾಭವೇ.

ಆದರೆ ಪಾರ್ಸೆಲ್‌ಗೆಂದು ಮಾಡಿದ ಪ್ಲಾನರ್ ಸುಮ್ನೆ ತಗೊಳ್ಳಬೇಡಿ. ಅದು ಒಬ್ಬ ಡ್ರೈವರ್‌ಗೆ ಆರು ಮನೆ ಕೊಡುತ್ತದೆ. ಒಬ್ಬ ಒಂದು ಸಲಕ್ಕೆ ತರುವುದು ಒಂದೇ ಕಾರು. ಡೆಮೋದಲ್ಲೇ ಕೇಳಿ: ‘ಒಬ್ಬರಿಗೆ ಒಂದೇ ಗಾಡಿ’ ಅಂತ ಮಿತಿ ಹಾಕಬಹುದಾ? ‘ಒಂಬತ್ತರೊಳಗೆ ಬನ್ನಿ’ ಅನ್ನುವವರ ಸಮಯ ಸೇರಿಸಬಹುದಾ?

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಗೇಟಿನಲ್ಲಿ ನಮ್ಮ ಹುಡುಗನ ಸಿಗ್ನಲ್ ಹೋಗಿ, ಗಿರಾಕಿಯ ನಂಬರೂ ಆ್ಯಪ್ ಒಳಗೇ ಉಳಿಯಿತು. ನೆಟ್ ಇಲ್ಲದಾಗ ಪಿಕಪ್ ಪಟ್ಟಿ ತೆರೆಯದ ಪ್ಲಾನರ್ ನಮ್ಮ ಮಲೆನಾಡಿಗೆ ಬೇಡ. ಗೂಗಲ್ ಮ್ಯಾಪ್ಸ್‌ನಲ್ಲಾದರೆ ಬೆಳಿಗ್ಗೆಯೇ ಆ ಭಾಗದ ನಕ್ಷೆ ಇಳಿಸಿಟ್ಟುಕೊಳ್ಳಬಹುದು.